ಗಣಕಯಂತ್ರದ ನೆನಪು ಕೆಟ್ಟಾಗ

ಕಳೆದ ವರ್ಷ ಮುಂಗಾರು ಹಿಡಿದ ಮೊದಲ ವಾರದಲ್ಲಿ ಒಂದು ರಾತ್ರಿ ನಮ್ಮ ಊರಿನಲ್ಲಿ ಗುಡುಗು ಮಿಂಚುಗಳೊಡನೆ ವಿದ್ಯುತ್ತು ಏಳೆಂಟು ಬಾರಿ ಹೋಗಿ ಬಂದಿತು. ಮರುದಿನ ಬೆಳಗ್ಗೆ ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆಯ ಬಾಗಿಲು ತೆರೆದಾಗ ಮೂಲೆಯಲ್ಲಿದ್ದ ಕಂಪ್ಯೂಟರಿನ ತೆರೆಯ ಮೇಲೆ ಎರಡು ಸಾಲುಗಳು ನಿಂತಿದ್ದವು. ಕಡತ ವ್ಯವಸ್ಥೆಯಲ್ಲಿ ದೋಷ ಕಂಡುಬಂದಿದೆ, ಇನ್ನು ಓದಲು ಮಾತ್ರ ಅವಕಾಶವುಂಟು, ಬರೆಯಲು ಇಲ್ಲ ಎಂಬುದು ಅವುಗಳ ತಾತ್ಪರ್ಯ.

ಆ ಯಂತ್ರಕ್ಕೆ ಎಂ.ಎಸ್‌ಸಿ. ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳ ಉಪಕರಣವನ್ನು ಜೋಡಿಸಲಾಗಿತ್ತು. ಆಕಾಶದಿಂದ ಸದಾ ಸುರಿಯುತ್ತಿರುವ ಮ್ಯೂಯಾನ್ ಕಣಗಳನ್ನು ಎಣಿಸುವುದು ಅದರ ಕೆಲಸ. ವಾಯುಮಂಡಲದ ಒತ್ತಡ ಏರಿದಾಗ ಈ ಎಣಿಕೆ ಅಲ್ಪಸ್ವಲ್ಪ ಇಳಿಯುತ್ತದೆ. ಒತ್ತಡ ಇಳಿದಾಗ ಎಣಿಕೆ ಏರುತ್ತದೆ. ಫೆಬ್ರವರಿ ನಡುವಿನಿಂದ ಮುಂಗಾರಿನವರೆಗೆ ಆ ಏರಿಳಿತವನ್ನು ಹಿಡಿಯಬೇಕೆಂಬುದು ಅವಳ ಪ್ರಬಂಧದ ವಿಷಯ. ದಿನಕ್ಕೊಂದು ಕಡತದಂತೆ ೧೧೨ ದಿನಗಳ ಎಣಿಕೆ ಆ ಪೆಟ್ಟಿಗೆಯೊಳಗಿತ್ತು. ಬೇರೆಡೆ ಒಂದು ಪ್ರತಿಯನ್ನು ಇಡಬೇಕೆಂದು ನಾವು ಹೇಳಿದ್ದುಂಟು. ಇಟ್ಟಿರುವಳೇ ಎಂದು ನೋಡದೆ ಹೋದದ್ದೂ ಉಂಟು. ವಿದ್ಯುತ್ತು ನಿಂತಾಗ ಆಸರೆಯಾಗಬೇಕಿದ್ದ ಯು.ಪಿ.ಎಸ್.ನ ಬ್ಯಾಟರಿ ಸತ್ತು ತಿಂಗಳುಗಳಾಗಿದ್ದವು. ಕರೆಂಟು ಬಂದೊಡನೆ ತಾನಾಗಿಯೇ ಏಳಬೇಕೆಂದು ಯಂತ್ರಕ್ಕೆ ಆಜ್ಞೆ ಕೊಟ್ಟಿದ್ದುದರಿಂದ ಅದು ರಾತ್ರಿಯೆಲ್ಲ ಎದ್ದು ಎದ್ದು ಬಿದ್ದಿತ್ತು.

“ಎಲ್ಲಾ ಹೋಯ್ತಾ ಸರ್?” ಎಂದು ಹುಡುಗಿ ಕೇಳಿದಳು. ಪ್ರಯೋಗಶಾಲೆಯ ಸಹಾಯಕರು ಧೈರ್ಯಸ್ಥರು. “ದುರಸ್ತಿ ಪ್ರೋಗ್ರಾಮೇ ಇದೆಯಲ್ಲ ಸಾರ್, ಓಡಿಸಿಬಿಡೋಣ” ಎಂದರು. ನಾವು ಬೇಡವೆಂದು ಹೇಳಿ ಗೋಡೆಯಿಂದ ತಂತಿಯನ್ನೇ ಕಿತ್ತೆವು. ಏಕೆ ಬೇಡವೆಂದೆವು ಎಂಬುದು ವಾಚಕರಿಗೆ ತಿಳಿಯಬೇಕಾದರೆ ಆ ಪೆಟ್ಟಿಗೆಯ ಒಳಗನ್ನು ಒಮ್ಮೆ ನೋಡಬೇಕು.

ಗಾಜಿನ ಗೋಡೆಯೊಳಗಿನ ಎಲೆಕ್ಟ್ರಾನುಗಳು

ಒಂದು ಕಾಲದಲ್ಲಿ ಎಲ್ಲ ಕಂಪ್ಯೂಟರುಗಳ ಹೊಟ್ಟೆಯಲ್ಲಿಯೂ ಕಾಂತಲೇಪನವುಳ್ಳ ತಟ್ಟೆಗಳು ಗಿರಗಿರನೆ ತಿರುಗುತ್ತಿದ್ದವು. ದೊಡ್ಡ ಸಂಗ್ರಹಾಗಾರಗಳಲ್ಲಿ ಅವು ಇಂದಿಗೂ ತಿರುಗುತ್ತಿವೆ. ಮನೆ ಮತ್ತು ಕಾಲೇಜುಗಳ ಯಂತ್ರಗಳಲ್ಲಾದರೋ ಅವುಗಳ ಸ್ಥಾನವನ್ನು ಬಹುಮಟ್ಟಿಗೆ ಎಸ್.ಎಸ್.ಡಿ., ಅಂದರೆ ಸಾಲಿಡ್ ಸ್ಟೇಟ್ ಡ್ರೈವ್, ಆಕ್ರಮಿಸಿದೆ. ಇದರಲ್ಲಿ ಚಲಿಸುವ ಭಾಗ ಒಂದೂ ಇಲ್ಲ. ಚಲಿಸದ್ದು ಸವೆಯದು ಎಂದು ಊಹಿಸುವುದು ಸಹಜ. ಆದರೆ ಇಲ್ಲಿ ಆ ಊಹೆ ತಪ್ಪು.

ಇದರ ಮೂಲ ಘಟಕ ಒಂದು ಅತಿ ಸೂಕ್ಷ್ಮವಾದ ಟ್ರಾನ್ಸಿಸ್ಟರು. ೧೯೬೭ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡಾವನ್ ಕಾಂಗ್ ಮತ್ತು ಸೈಮನ್ ಝೀ ಎಂಬ ವಿಜ್ಞಾನಿಗಳು ಟ್ರಾನ್ಸಿಸ್ಟರಿನೊಳಗೆ, ನಾಲ್ಕು ಕಡೆಯೂ ವಿದ್ಯುನ್ನಿರೋಧಕದಿಂದ ಮುಚ್ಚಲ್ಪಟ್ಟ ಒಂದು ಪುಟ್ಟ ವಾಹಕವನ್ನು ಹುದುಗಿಸಬಹುದೆಂದು ತೋರಿಸಿದರು. ಯಾವ ತಂತಿಯೂ ಅದನ್ನು ಮುಟ್ಟದು. ಅದರೊಳಗೆ ಒಮ್ಮೆ ಎಲೆಕ್ಟ್ರಾನುಗಳನ್ನು ಸೇರಿಸಿದರೆ ಅವು ಅಲ್ಲಿಯೇ ಸೆರೆ. ವಿದ್ಯುತ್ತು ನಿಂತರೂ ಹೊರಬರಲಾರವು. ಇದ್ದರೆ ಒಂದು ಅಂಕೆ, ಇಲ್ಲದಿದ್ದರೆ ಇನ್ನೊಂದು ಅಂಕೆ. ಈ ತತ್ತ್ವವನ್ನು ಬೆಳೆಸಿ, ಒಂದೇ ಏಟಿಗೆ ಸಾವಿರಾರು ಘಟಕಗಳನ್ನು ಅಳಿಸಬಲ್ಲ ಸ್ಮೃತಿಯನ್ನು ಜಪಾನಿನ ತೋಷಿಬಾ ಸಂಸ್ಥೆಯ ಫೂಜಿಯೊ ಮಸುಓಕಾ ೧೯೮೪ರಲ್ಲಿ ಲೋಕಕ್ಕೆ ತಿಳಿಸಿದರು. ಕ್ಯಾಮೆರಾದ ಬೆಳಕಿನಂತೆ ಫಕ್ಕನೆ ಅಳಿಯುವುದರಿಂದ ಅದಕ್ಕೆ ಫ್ಲಾಷ್ ಎಂದು ಹೆಸರಾಯಿತು. ಇಂದಿನ ಡ್ರೈವುಗಳಲ್ಲಿ ವಾಹಕದ ಬದಲು ಎಲೆಕ್ಟ್ರಾನುಗಳನ್ನು ಹಿಡಿದಿಡುವ ಒಂದು ನಿರೋಧಕ ಪೊರೆಯನ್ನೇ ಹೆಚ್ಚಾಗಿ ಬಳಸುತ್ತಾರೆ. ಘಟಕಗಳನ್ನು ಅಂತಸ್ತಿನ ಮೇಲೆ ಅಂತಸ್ತಾಗಿ ಕಟ್ಟುತ್ತಾರೆ. ತತ್ತ್ವ ಮಾತ್ರ ಅದೇ.

ಬಾಗಿಲೇ ಇಲ್ಲದ ಕೋಣೆಗೆ ಎಲೆಕ್ಟ್ರಾನು ಹೊಗುವುದೆಂತು? ಸುರಂಗ ಪರಿಣಾಮದಿಂದ. ಪ್ರಬಲ ವಿದ್ಯುತ್ ಕ್ಷೇತ್ರವಿದ್ದಾಗ ಎಲೆಕ್ಟ್ರಾನು ತಾನು ಏರಲಾರದ ತಡೆಯನ್ನು ತೂರಿ ಹೋಗಬಲ್ಲುದೆಂಬುದನ್ನು ೧೯೨೮ರಲ್ಲಿ ಫೌಲರ್ ಮತ್ತು ನಾರ್ಡ್‌ಹೈಮ್ ಗಣಿತದಿಂದ ತೋರಿಸಿದ್ದರು. ನಿರೋಧಕ ಪೊರೆಯ ದಪ್ಪ ಹತ್ತು ನ್ಯಾನೊಮೀಟರಿನ ಆಸುಪಾಸು, ಅಂದರೆ ಮೀಟರಿನ ಹತ್ತು ಕೋಟಿಯಲ್ಲೊಂದು ಪಾಲು. ಅದರ ಎರಡು ಮುಖಗಳ ನಡುವೆ ಹತ್ತು ವೋಲ್ಟು ಇದೆಯೆನ್ನೋಣ. ಭಾಗಿಸಿ ನೋಡಿದರೆ ಮೀಟರಿಗೆ ನೂರು ಕೋಟಿ ವೋಲ್ಟುಗಳ ಕ್ಷೇತ್ರ! ಮೀಟರಿಗೆ ಮೂವತ್ತು ಲಕ್ಷ ವೋಲ್ಟಾದರೆ ಸಾಕು, ಗಾಳಿ ಸೀಳಿ ಕಿಡಿ ಹಾರುತ್ತದೆ. ಅದರ ಮುನ್ನೂರು ಪಟ್ಟಿಗೂ ಮೀರಿದ ಕ್ಷೇತ್ರವನ್ನು ನಾವು ಒಂದು ಕಡತವನ್ನು ಉಳಿಸಿದಾಗಲೆಲ್ಲ ಆ ಗಾಜಿನ ಪೊರೆ ತಾಳಿಕೊಳ್ಳುತ್ತದೆ.

ತಾಳಿಕೊಂಡರೂ ಗಾಯವಾಗುತ್ತದೆ. ಎಲೆಕ್ಟ್ರಾನುಗಳು ತೂರಿದಷ್ಟೂ ಪೊರೆಯಲ್ಲಿ ಸಣ್ಣ ದೋಷಗಳು ಉಳಿದು, ಸೆರೆಯಲ್ಲಿದ್ದ ಎಲೆಕ್ಟ್ರಾನುಗಳು ಆ ದಾರಿಯಿಂದ ಮೆಲ್ಲಗೆ ಸೋರತೊಡಗುತ್ತವೆ. ಬಿಸಿಯಾದಷ್ಟೂ ಸೋರಿಕೆ ಹೆಚ್ಚು. ಸಾಮಾನ್ಯ ಬಳಕೆಯ ಎಸ್.ಎಸ್.ಡಿ. ಪೂರ್ತಿ ಸವೆದ ಮೇಲೂ, ವಿದ್ಯುತ್ತಿಲ್ಲದೆ ೩೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ನೆನಪಿಟ್ಟುಕೊಂಡರೆ ಸಾಕೆಂಬುದು ಉದ್ಯಮದವರ ಮಾನದಂಡ. ರಾಯಚೂರಿನ ಬೇಸಗೆಯಲ್ಲಿ ಅಟ್ಟದ ಮೇಲೆ ಬಿದ್ದಿರುವ ಹಳೆಯ ಡ್ರೈವಿನ ಗತಿಯನ್ನು ವಿದ್ಯಾರ್ಥಿಗಳೇ ಊಹಿಸಲಿ.

ಇದರ ಮೇಲೆ ಮನುಷ್ಯನ ಲೋಭವೂ ಸೇರಿತು. ಒಂದು ಘಟಕದಲ್ಲಿ ಒಂದೇ ಬಿಟ್ಟನ್ನು ಬರೆದರೆ ತುಂಬಿದೆ, ಖಾಲಿ ಎಂಬ ಎರಡು ಮಟ್ಟ ಸಾಕು. ಈಗ ಒಂದೇ ಘಟಕದಲ್ಲಿ ಮೂರು ಬಿಟ್ಟು, ನಾಲ್ಕು ಬಿಟ್ಟು ಬರೆಯುವುದರಿಂದ ಎಂಟು, ಹದಿನಾರು ಮಟ್ಟಗಳನ್ನು ಗುರುತಿಸಬೇಕಾಗಿದೆ. ಒಂದು ಬಿಟ್ಟಿನ ಘಟಕ ಸುಮಾರು ಒಂದು ಲಕ್ಷ ಬಾರಿ ಅಳಿಸಿ ಬರೆಯುವುದನ್ನು ತಾಳುತ್ತಿದ್ದರೆ, ಮೂರು ಬಿಟ್ಟಿನದು ತಾಳುವುದು ಒಂದೆರಡು ಸಾವಿರ ಬಾರಿ ಮಾತ್ರ. ಹೊಸ ಡ್ರೈವಿನಲ್ಲಿ ಕೂಡ ಓದುವಾಗ ಕೆಲವು ಬಿಟ್ಟುಗಳು ತಪ್ಪಾಗಿಯೇ ಬರುತ್ತವೆ. ಅದು ರೋಗವಲ್ಲ, ಪ್ರಕೃತಿ. ಪ್ರತಿ ಪುಟದೊಡನೆ ಕೆಲವು ಹೆಚ್ಚುವರಿ ಬಿಟ್ಟುಗಳನ್ನು ಬರೆದಿಟ್ಟು, ಗಣಿತದ ಬಲದಿಂದ ತಪ್ಪನ್ನು ತಿದ್ದಿಕೊಳ್ಳಲಾಗುತ್ತದೆ. ಈ ವಿದ್ಯೆಗೆ ೧೯೫೦ರಲ್ಲಿ ಹ್ಯಾಮಿಂಗ್ ಬುನಾದಿ ಹಾಕಿದರು. ಫ್ಲಾಷ್ ಸ್ಮೃತಿಗಳಲ್ಲಿ ಬಹುಕಾಲ ದುಡಿದ ಬಿ.ಸಿ.ಎಚ್. ಎಂಬ ಸಂಕೇತವನ್ನು ೧೯೫೯ರಲ್ಲಿ ಫ್ರಾನ್ಸಿನ ಹಾಕೆಂಗೆಮ್ ಅವರೂ, ೧೯೬೦ರಲ್ಲಿ ಪ್ರತ್ಯೇಕವಾಗಿ ರಾಜಚಂದ್ರ ಬೋಸ್ ಮತ್ತು ರಾಯ್‌ಚೌಧುರಿ ಅವರೂ ಕಂಡುಹಿಡಿದರು. ಬೋಸರು ಅಮೆರಿಕಕ್ಕೆ ಹೋಗುವ ಮುನ್ನ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದುಡಿದವರು. ತಪ್ಪುಗಳು ಈ ಗಣಿತದ ಕೈಗೂ ಮೀರಿದಾಗ ಮಾತ್ರ ಡ್ರೈವು “ಓದಲಾರೆ” ಎಂದು ಬಾಯಿಬಿಡುತ್ತದೆ.

ಹಾಗಾದರೆ ನಮ್ಮ ಡ್ರೈವು ಸವೆದು ಸತ್ತಿತೇ? ಲೆಕ್ಕ ಹಾಕೋಣ. ೨೫೦ ಗಿಗಾಬೈಟಿನ ಡ್ರೈವಿನ ಪ್ರತಿ ಘಟಕವೂ ಸಾವಿರ ಬಾರಿ ತಾಳುವುದಾದರೆ ಒಟ್ಟು ಎರಡೂವರೆ ಲಕ್ಷ ಗಿಗಾಬೈಟನ್ನು ಬರೆಯಬಹುದು. ದಿನಕ್ಕೆ ಇಪ್ಪತ್ತರಂತೆ ಬರೆದರೆ ೧೨,೫೦೦ ದಿನ, ಅಂದರೆ ಮೂವತ್ತನಾಲ್ಕು ವರ್ಷ. ಡ್ರೈವು ತನ್ನೊಳಗೇ ಮಾಡುವ ಹೆಚ್ಚುವರಿ ಬರವಣಿಗೆಯಿಂದ ಇದು ಮೂರನೆಯ ಒಂದು ಪಾಲಿಗೆ ಇಳಿದರೂ ಹತ್ತು ವರ್ಷಕ್ಕೆ ಕಡಮೆಯಿಲ್ಲ. ನಮ್ಮದಕ್ಕೆ ನಾಲ್ಕು ವರ್ಷವೂ ತುಂಬಿರಲಿಲ್ಲ. ಸವೆತವನ್ನು ಶಂಕಿಸುವವರೇ ಹೆಚ್ಚು. ನಮ್ಮ ಅನುಭವದಲ್ಲಿ ಅದು ಅಪರಾಧಿಯಾಗಿರುವುದು ಕಡಮೆ.

ಉಗ್ರಾಣ ಮತ್ತು ಲೆಕ್ಕದ ಪುಸ್ತಕ

ಹೆಚ್ಚು ಅಪಾಯಕಾರಿಯಾದದ್ದು ಬರೆಯುತ್ತಿರುವಾಗ ವಿದ್ಯುತ್ತು ನಿಲ್ಲುವುದು. ಶಾಲೆಯ ಸ್ಲೇಟನ್ನು ಕಲ್ಪಿಸಿಕೊಳ್ಳಿ. ಒಂದೊಂದೇ ಸಾಲನ್ನು ಬರೆಯಬಹುದು. ಆದರೆ ಅಳಿಸುವುದಾದರೆ ಇಡೀ ಸ್ಲೇಟನ್ನೇ ಒರಸಬೇಕೆಂಬ ನಿಯಮವಿದೆಯೆನ್ನೋಣ. ಫ್ಲಾಷ್ ಸ್ಮೃತಿಯ ನಿಯಮ ಇದೇ. ಆದ್ದರಿಂದ ಡ್ರೈವಿನೊಳಗಿನ ನಿಯಂತ್ರಕವು ಒಂದು ಸಾಲನ್ನು ತಿದ್ದಬೇಕಾದಾಗ ಹಳೆಯದನ್ನು ಹಾಗೆಯೇ ಬಿಟ್ಟು, ಹೊಸ ಸಾಲನ್ನು ಬೇರೊಂದು ಸ್ಲೇಟಿನಲ್ಲಿ ಬರೆದು, ಯಾವ ಸಾಲು ಈಗ ಎಲ್ಲಿದೆಯೆಂಬುದನ್ನು ಒಂದು ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತದೆ. ಬಿಡುವಾದಾಗ, ನಾವು ಏನನ್ನೂ ಮಾಡದೆ ಕುಳಿತಿರುವಾಗಲೂ, ಉಪಯುಕ್ತ ಸಾಲುಗಳನ್ನು ಒಟ್ಟುಗೂಡಿಸಿ ಹಳೆಯ ಸ್ಲೇಟುಗಳನ್ನು ಒರಸುತ್ತಿರುತ್ತದೆ. ಪಟ್ಟಿಯನ್ನು ಬರೆಯುತ್ತಿರುವ ಕ್ಷಣದಲ್ಲಿಯೇ ವಿದ್ಯುತ್ತು ಹೋದರೆ ಸಾಲುಗಳಿದ್ದೂ ವಿಳಾಸ ಇಲ್ಲದಂತಾದೀತು. ಇನ್ನೊಂದು ವಿಚಿತ್ರವೂ ಉಂಟು: ಹಲವು ಬಿಟ್ಟುಗಳ ಘಟಕವನ್ನು ಹಂತಹಂತವಾಗಿ ತುಂಬುವ ಡ್ರೈವುಗಳಲ್ಲಿ, ಎರಡನೆಯ ಹಂತದ ನಡುವೆ ವಿದ್ಯುತ್ತು ನಿಂತರೆ, ಎಂದೋ ಬರೆದು ಮುಗಿಸಿದ್ದ ಮೊದಲ ಹಂತದ ಬಿಟ್ಟೂ ಕೆಡಬಹುದು. ನಿನ್ನೆಯ ಬರೆಹವನ್ನು ಇಂದಿನ ಕತ್ತಲೆ ತಿನ್ನುತ್ತದೆ. ದೊಡ್ಡ ಸಂಸ್ಥೆಗಳಿಗಾಗಿ ಮಾಡಿದ ಡ್ರೈವುಗಳಲ್ಲಿ ಕೆಪಾಸಿಟರುಗಳಿದ್ದು, ಕೈಯಲ್ಲಿರುವ ಕೆಲಸವನ್ನು ಮುಗಿಸುವಷ್ಟು ವಿದ್ಯುತ್ತನ್ನು ಅವು ಒದಗಿಸುತ್ತವೆ. ಅಗ್ಗದವುಗಳಲ್ಲಿ ಅದಿಲ್ಲ.

ಇಷ್ಟೂ ಡ್ರೈವಿನ ಒಳಗಿನ ಕಥೆ. ಅದರ ಮೇಲೆ ಕಂಪ್ಯೂಟರಿನ ಲೆಕ್ಕ ಬೇರೆ ಇದೆ. ಕಡತ ವ್ಯವಸ್ಥೆ ಎನ್ನುವುದು ಅದನ್ನೇ. ಕಡತ ಎಂಬ ಮಾತು ಇಲ್ಲಿಗೆ ಬಹಳ ಚೆನ್ನಾಗಿ ಒಪ್ಪುತ್ತದೆಂದು ನಮಗೆ ತೋರುತ್ತದೆ. ನಮ್ಮ ಹಿರಿಯರ ಕಡತವೆಂದರೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು ಕಪ್ಪಾಗಿಸಿದ, ಮಡಿಸಿ ಇಡುವ ಬಟ್ಟೆ. ಬಳಪದಿಂದ ಬರೆದು, ಬೇಡವಾದಾಗ ಒರಸಿ, ಮತ್ತೆ ಮಸಿ ಬಳಿದು ಬರೆಯಬಹುದಾಗಿದ್ದ ವಸ್ತು. ಶೃಂಗೇರಿ ಮಠದ ಕಡತಗಳು ಪ್ರಸಿದ್ಧವಾಗಿವೆ. ಇರಲಿ.

ಉಗ್ರಾಣದಲ್ಲಿ ಮೂಟೆಗಳಿವೆ, ಬಾಗಿಲಲ್ಲಿ ಶಾನುಭೋಗರು ಲೆಕ್ಕದ ಪುಸ್ತಕ ಹಿಡಿದು ಕುಳಿತಿದ್ದಾರೆ. ಯಾವ ಹೆಸರಿನ ಸರಕು ಯಾವ ಸಾಲಿನಲ್ಲಿದೆ, ಎಷ್ಟು ಜಾಗ ಖಾಲಿಯಿದೆ ಎಂಬುದೆಲ್ಲ ಪುಸ್ತಕದಲ್ಲಿದೆ. ಒಂದು ಮೂಟೆ ಬಂದರೆ ಮೂರು ನಾಲ್ಕು ಕಡೆ ಬರೆಯಬೇಕು. ಎರಡು ಕಡೆ ಬರೆಯುವಷ್ಟರಲ್ಲಿ ದೀಪ ಆರಿತೆನ್ನಿ: ಮೂಟೆ ಒಳಗಿದೆ, ಹೆಸರಿಲ್ಲ, ಅಥವಾ ಹೆಸರಿದೆ, ಆ ಜಾಗ ಖಾಲಿಯೆಂದು ಇನ್ನೊಂದು ಪುಟ ಹೇಳುತ್ತಿದೆ. ಇದಕ್ಕೆ ಪರಿಹಾರವನ್ನು ವರ್ತಕರು ಎಂದೋ ಕಂಡುಕೊಂಡಿದ್ದರು. ಖಾತೆಗೆ ಏರಿಸುವ ಮೊದಲು ಎಲ್ಲವನ್ನೂ ಕಿರ್ದಿಯಲ್ಲಿ ಬರೆಯುವುದು! ವಿಂಡೋಸ್ ಬಳಸುವ ಎನ್.ಟಿ.ಎಫ್.ಎಸ್. ೧೯೯೩ರಿಂದಲೂ, ಲಿನಕ್ಸ್‌ನ ಎಕ್ಸ್‌ಟ್-೩ ಮತ್ತು ಅದರ ಉತ್ತರಾಧಿಕಾರಿ ೨೦೦೧ರಿಂದ ಈಚೆಗೂ ಇಂಥ ಕಿರ್ದಿಯನ್ನು ಇಡುತ್ತ ಬಂದಿವೆ. ಯಂತ್ರ ಮತ್ತೆ ಎದ್ದಾಗ ಕಿರ್ದಿಯನ್ನು ನೋಡಿ ಖಾತೆಯನ್ನು ಸರಿಮಾಡಿಕೊಳ್ಳುತ್ತದೆ. ಆದರೆ ಸಾಧಾರಣವಾಗಿ ಕಿರ್ದಿ ಕಾಯುವುದು ಲೆಕ್ಕವನ್ನು, ಸರಕನ್ನಲ್ಲ. ಕಿರ್ದಿಯ ಪುಟವನ್ನೇ ಓದಲಾಗದಿದ್ದರಂತೂ ಯಂತ್ರ ಕೈಚೆಲ್ಲಿ, ಇನ್ನು ಬರೆಯಲಾರೆ ಎಂದು ನಿಲ್ಲುತ್ತದೆ. ನಮ್ಮ ತೆರೆಯ ಮೇಲೆ ಕಂಡದ್ದು ಅಂಥ ಘೋಷಣೆಯೇ.

ಹೀಗೆ ರೋಗ ಎರಡು ಬಗೆ. ಉಗ್ರಾಣ ಗಟ್ಟಿಯಾಗಿದ್ದು ಲೆಕ್ಕ ಕೆಟ್ಟಿರಬಹುದು. ಅಥವಾ ಉಗ್ರಾಣದ ಗೋಡೆಯೇ ಕುಸಿಯುತ್ತಿರಬಹುದು. ತೆರೆಯ ಮೇಲೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ದುರಸ್ತಿ ಪ್ರೋಗ್ರಾಮು ಮೊದಲನೆಯದಕ್ಕೆ ಮದ್ದು, ಎರಡನೆಯದಕ್ಕೆ ವಿಷ. ಅದು ಉಗ್ರಾಣವನ್ನು ಗಟ್ಟಿಯೆಂದು ನಂಬಿ, ಲೆಕ್ಕ ಹೊಂದಿದರೆ ಸಾಕೆಂದು ಹೊಂದದ ಸಾಲುಗಳನ್ನು ಹೊಡೆದುಹಾಕುತ್ತದೆ. ಕುಸಿಯುವ ಗೋಡೆಗೆ ಹೊಸ ಬರೆಹದ ಭಾರವನ್ನೂ ಹೇರುತ್ತದೆ. ಇದನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಸ್ವಂತ ಯಂತ್ರ ಇದೇ ಘೋಷಣೆ ಮಾಡಿದಾಗ ದುರಸ್ತಿ ಪ್ರೋಗ್ರಾಮಿನ ಪ್ರತಿ ಪ್ರಶ್ನೆಗೂ ಹೌದು ಹೌದು ಎನ್ನುತ್ತ ಹೋದೆವು. ಸಂಜೆಗೆ ಲೆಕ್ಕವೇನೋ ಶುದ್ಧವಾಯಿತು. ಎರಡು ವರ್ಷದ ಪಾಠದ ಟಿಪ್ಪಣಿಗಳಿದ್ದ ಜಾಗದಲ್ಲಿ ಹೆಸರುಗಳು ಕೂಡ ಉಳಿದಿರಲಿಲ್ಲ. ಮರುದಿನ ಯಂತ್ರ ಆ ಡ್ರೈವನ್ನು ಗುರುತಿಸಲೂ ಇಲ್ಲ.

ಮಂಗಳನ ಮೇಲೆ ಇಬ್ಬರು ರೋಗಿಗಳು

ಈ ಎರಡು ರೋಗಗಳ ಭೇದವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿದ ಯಂತ್ರಗಳು ಭೂಮಿಯ ಮೇಲೆ ಇರಲಿಲ್ಲ. ಅಮೆರಿಕದ ನಾಸಾ ಸಂಸ್ಥೆ ಕಳಿಸಿದ ಸ್ಪಿರಿಟ್ ಎಂಬ ಬಂಡಿ ೨೦೦೪ರ ಜನವರಿ ೪ರಂದು ಮಂಗಳಗ್ರಹದಲ್ಲಿ ಇಳಿಯಿತು. ಅದರ ಒಡಹುಟ್ಟಾದ ಆಪರ್ಚುನಿಟಿ ಅದೇ ತಿಂಗಳ ಕೊನೆಯಲ್ಲಿ. ಎರಡರಲ್ಲಿಯೂ ೨೫೬ ಮೆಗಾಬೈಟಿನ ಫ್ಲಾಷ್ ಸ್ಮೃತಿಯಿತ್ತು.

ಜನವರಿ ೨೧ರಂದು ಸ್ಪಿರಿಟ್ ಮಾತು ನಿಲ್ಲಿಸಿತು. ರಾತ್ರಿ ಮಲಗಬೇಕಾದ ಯಂತ್ರ ಮಲಗದೆ, ಎದ್ದು ಬಿದ್ದು, ಮತ್ತೆ ಎದ್ದು, ಅರವತ್ತಕ್ಕೂ ಹೆಚ್ಚು ಬಾರಿ ಪುನರಾರಂಭಗೊಂಡಿತು, ಬ್ಯಾಟರಿ ಇಳಿಯತೊಡಗಿತು. ಹದಿನೇಳು ಕೋಟಿ ಕಿಲೋಮೀಟರಿಗೂ ಮೀರಿದ ದೂರ. ರೇಡಿಯೋ ಸಂದೇಶ ಒಂದು ಕಡೆಗೆ ಮುಟ್ಟಲು ಒಂಬತ್ತು ನಿಮಿಷಕ್ಕೂ ಹೆಚ್ಚು. ಎಂಜಿನಿಯರುಗಳು ದುರಸ್ತಿಗೆ ಕೈಹಾಕಲಿಲ್ಲ. ಫ್ಲಾಷ್ ಸ್ಮೃತಿಯ ಲೆಕ್ಕವನ್ನು ತೆರೆಯದೆಯೇ ಏಳು ಎಂದು ಆಜ್ಞೆ ಕಳಿಸಿದರು. ಬಂಡಿ ಎದ್ದು ಶಾಂತವಾಯಿತು. ಆಮೇಲೆ ಪರೀಕ್ಷಿಸಿದಾಗ ಫ್ಲಾಷ್ ಚಿಪ್ಪುಗಳು ಆರೋಗ್ಯವಾಗಿದ್ದವು. ಭೂಮಿಯಿಂದ ಹೊರಟಂದಿನಿಂದ ಕೂಡಿಬಿದ್ದಿದ್ದ ಕಡತಗಳ ಸಂಖ್ಯೆ ಮಿತಿಮೀರಿ, ಅವುಗಳ ಲೆಕ್ಕವನ್ನು ಹಿಡಿಯುವಷ್ಟು ಜಾಗ ಯಂತ್ರದ ತಾತ್ಕಾಲಿಕ ಸ್ಮೃತಿಯಲ್ಲಿ ಉಳಿದಿರಲಿಲ್ಲ. ಬೇಕಾದ ಮಾಹಿತಿಯನ್ನು ಮೊದಲು ಭೂಮಿಗೆ ತರಿಸಿಕೊಂಡು, ಫೆಬ್ರವರಿಯಲ್ಲಿ ಸ್ಮೃತಿಯನ್ನು ಪೂರ್ತಿ ಅಳಿಸಿ ಹೊಸದಾಗಿ ಸಜ್ಜುಗೊಳಿಸಿದರು. ತೊಂಬತ್ತು ದಿನಗಳಿಗೆಂದು ಮಾಡಿದ್ದ ಸ್ಪಿರಿಟ್ ೨೦೧೦ರ ಮಾರ್ಚಿನವರೆಗೆ ಸಂದೇಶ ಕಳಿಸಿತು.

ಆಪರ್ಚುನಿಟಿಯ ರೋಗ ಬೇರೆ. ಹತ್ತು ವರ್ಷ ದುಡಿದ ಮೇಲೆ, ೨೦೧೪ರಲ್ಲಿ, ಅದು ಮರೆಯತೊಡಗಿತು. ಸೆಪ್ಟೆಂಬರಿನಲ್ಲಿ ಸ್ಮೃತಿಯನ್ನು ಅಳಿಸಿ ಸಜ್ಜುಗೊಳಿಸಿದರು. ಸ್ಪಿರಿಟ್‌ಗೆ ಫಲಿಸಿದ ಮದ್ದು ಇದಕ್ಕೆ ಫಲಿಸಲಿಲ್ಲ. ಸ್ಮೃತಿಯ ಏಳು ವಿಭಾಗಗಳಲ್ಲಿ ಏಳನೆಯದೇ ಹಾಳಾಗಿದೆಯೆಂದು ಶಂಕೆಯಾಯಿತು. ಕಡೆಗೆ ಫ್ಲಾಷನ್ನೇ ಬಿಟ್ಟು, ದಿನದ ಮಾಹಿತಿಯನ್ನು ಮಲಗುವ ಮುನ್ನ ಆ ದಿನವೇ ಕಳಿಸಿಬಿಡುವ ಕ್ರಮವನ್ನು ಹಿಡಿದರು. ನೆನಪಿಲ್ಲದ ಮುದುಕನಂತೆ, ಆದರೆ ಚುರುಕಾಗಿ, ೨೦೧೮ರ ಜೂನ್ ತಿಂಗಳ ಧೂಳಿನ ಬಿರುಗಾಳಿಯವರೆಗೂ ಅದು ದುಡಿಯಿತು.

ಮತ್ತೊಂದು ಮಾತನ್ನು ಹೇಳಿ ಮುಂದೆ ಹೋಗೋಣ. ಉಗ್ರಾಣವೂ ಸರಿ, ಲೆಕ್ಕವೂ ಸರಿ, ಉಗ್ರಾಣದ ಕಾವಲುಗಾರನಿಗೇ ಮತಿ ತಪ್ಪುವುದೂ ಉಂಟು. ೨೦೧೯ರ ನವೆಂಬರಿನಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಸಂಸ್ಥೆ, ತನ್ನ ಕೆಲವು ಎಸ್.ಎಸ್.ಡಿ.ಗಳು ೩೨,೭೬೮ ಗಂಟೆ ದುಡಿದ ಕೂಡಲೇ ಶಾಶ್ವತವಾಗಿ ನಿಂತುಬಿಡುವುವೆಂದೂ, ಒಳಗಿನ ನಿಯಂತ್ರಕ ಪ್ರೋಗ್ರಾಮನ್ನು ಮೊದಲೇ ಬದಲಿಸಿಕೊಳ್ಳಬೇಕೆಂದೂ ಗ್ರಾಹಕರನ್ನು ಎಚ್ಚರಿಸಿತು. ಅಂದರೆ ಮೂರು ವರ್ಷ ೨೭೦ ದಿನ ೮ ಗಂಟೆ. ಆ ಸಂಖ್ಯೆ ಎರಡರ ಹದಿನೈದನೆಯ ಘಾತವೆಂಬುದನ್ನು ಗಮನಿಸಿದ ವಿದ್ಯಾರ್ಥಿಗೆ ಕಾರಣ ಹೊಳೆಯದಿರದು.

ಮೂಲೆಯ ಕಂಪ್ಯೂಟರಿಗೆ ಮರಳಿ

ಯಂತ್ರವನ್ನು ಸುಮ್ಮನೆ ಉರಿಯಗೊಟ್ಟಿದ್ದರೂ ನಿಯಂತ್ರಕ ಒಳಗೊಳಗೇ ಸ್ಲೇಟು ಒರಸುತ್ತಿರಬಹುದಾದ್ದರಿಂದ ತಂತಿಯನ್ನು ಕಿತ್ತದ್ದಾಯಿತು. ತಪ್ಪಿ ಅಳಿಸಿದ ಕಡತ ಕಾಂತತಟ್ಟೆಯಲ್ಲಿ ಬಹುಕಾಲ ಉಳಿದಿರುವುದುಂಟು, ಎಸ್.ಎಸ್.ಡಿ.ಯಲ್ಲಿ ಆ ಭರವಸೆ ಇಲ್ಲ. ಅಳಿಸಿದ ಜಾಗ ಯಾವುದೆಂದು ಕಂಪ್ಯೂಟರೇ ಡ್ರೈವಿಗೆ ಹೇಳಿಬಿಡುವುದರಿಂದ ಅದು ಬೇಗನೆ ನಿಜವಾಗಿಯೂ ಅಳಿಯುತ್ತದೆ.

ಮಧ್ಯಾಹ್ನ ಡ್ರೈವನ್ನು ಬಿಚ್ಚಿ ಬೇರೊಂದು ಯಂತ್ರಕ್ಕೆ ಹಾಕಿದೆವು. ಇದರಿಂದ ಹಳೆಯ ಯಂತ್ರದ ರ್‍ಯಾಮ್ ಆಗಲಿ ತಂತಿಯಾಗಲಿ ಮುಂದೆ ಕಾಟ ಕೊಡುವ ಸಂಭವ ತಪ್ಪಿತು. ಕೆಟ್ಟ ರ್‍ಯಾಮ್ ಒಳ್ಳೆಯ ಡ್ರೈವಿನ ಲೆಕ್ಕವನ್ನು ಕೆಡಿಸಬಲ್ಲುದು. ಪೆನ್‌ಡ್ರೈವಿನಿಂದ ಲಿನಕ್ಸನ್ನು ಎಬ್ಬಿಸಿ, ಡ್ರೈವಿನ ಕಡತ ವ್ಯವಸ್ಥೆಯನ್ನು ತೆರೆಯದೆ, ಸ್ಮಾರ್ಟ್ ಎಂಬ ಅದರ ಸ್ವಂತ ದಿನಚರಿಯನ್ನು ಮಾತ್ರ ಓದಿದೆವು. ತಂತಿಯಲ್ಲಿ ಮಾಹಿತಿ ಕೆಟ್ಟರೆ ಏರುವ ಎಣಿಕೆ ಸೊನ್ನೆಯಾಗಿತ್ತು. ಅದು ಸಾವಿರಗಟ್ಟಲೆ ಇದ್ದು ಉಳಿದವು ಸೊನ್ನೆಯಾಗಿದ್ದರೆ ಒಂದು ತಂತಿ ಬದಲಿಸಿ ಮನೆಗೆ ಹೋಗಬಹುದಿತ್ತು. ಸವೆತ ನೂರಕ್ಕೆ ಹನ್ನೊಂದು. ಗಣಿತದಿಂದಲೂ ತಿದ್ದಲಾಗದ ತಪ್ಪುಗಳು ಹದಿನಾಲ್ಕು. ಅಂದರೆ ಡ್ರೈವು ಮುದಿಯಾಗಿರಲಿಲ್ಲ. ಆದರೆ ಆ ರಾತ್ರಿ ಅದರ ಕೆಲವು ಪುಟಗಳು ಸುಟ್ಟಿದ್ದವು. ಲೆಕ್ಕದ ರೋಗಕ್ಕೆ ಉಗ್ರಾಣದ ರೋಗವೂ ಸೇರಿತ್ತು.

ಆದ್ದರಿಂದ ಮೊದಲು ಪ್ರತಿ, ಆಮೇಲೆ ಚಿಕಿತ್ಸೆ. ಡಿಡಿರೆಸ್ಕ್ಯೂ ಎಂಬ ಉಚಿತ ಪ್ರೋಗ್ರಾಮು ಕಡತಗಳ ಗೊಡವೆಗೆ ಹೋಗದೆ ಡ್ರೈವನ್ನು ಮೊದಲಿನಿಂದ ಕೊನೆಯವರೆಗೆ ಬಿಟ್ಟು ಬಿಟ್ಟಾಗಿಯೇ ನಕಲು ಮಾಡುತ್ತದೆ. ಓದಲು ಸುಲಭವಾದುದನ್ನೆಲ್ಲ ಮೊದಲು ತೆಗೆದು, ಕಷ್ಟದ ಸ್ಥಳಗಳನ್ನು ಗುರುತು ಹಾಕಿಕೊಂಡು, ಆಮೇಲೆ ಅವುಗಳಿಗೆ ಚೂರುಚೂರಾಗಿ ಮರಳುತ್ತದೆ. ನಕಲಿನ ಗುರಿಯೇ ಮೂಲದ ಮೇಲೆ ಬೀಳದಂತೆ ಎರಡು ಹೆಸರುಗಳನ್ನೂ ಇಬ್ಬರು ಗಟ್ಟಿಯಾಗಿ ಓದಿ ಒಪ್ಪಿದ ಮೇಲೆಯೇ ಆರಂಭಿಸಿದೆವು. ಮೂರು ಸುತ್ತುಗಳ ನಂತರವೂ ಓದಲಾಗದೆ ಉಳಿದದ್ದು ೯೬ ಕಿಲೋಬೈಟು. ಆ ನಕಲಿಗೆ ಇನ್ನೊಂದು ನಕಲು ಮಾಡಿ, ದುರಸ್ತಿ ಪ್ರೋಗ್ರಾಮನ್ನು ಅದರ ಮೇಲೆ ಮೊದಲು “ಏನನ್ನೂ ತಿದ್ದಬೇಡ, ವರದಿ ಮಾತ್ರ ಕೊಡು” ಎಂದು ಓಡಿಸಿದೆವು. ವಿಂಡೋಸ್‌ನ ಚೆಕ್‌ಡಿಸ್ಕ್ ಕೂಡ ವಿಶೇಷ ಆಜ್ಞೆ ಇಲ್ಲದಿದ್ದರೆ ವರದಿಯನ್ನಷ್ಟೇ ಕೊಡುತ್ತದೆ. ವರದಿಯಲ್ಲಿ ಭಯಪಡುವಂಥದೇನೂ ಕಾಣಲಿಲ್ಲ. ಅನಂತರವೇ ತಿದ್ದಲು ಬಿಟ್ಟೆವು. ಸಹಾಯಕರು ಪಕ್ಕದಲ್ಲಿ ನಿಂತು, “ಇದನ್ನೇ ಬೆಳಗ್ಗೆ ಮಾಡಬಹುದಿತ್ತಲ್ಲ ಸಾರ್” ಎಂದರು.

೧೧೨ ಕಡತಗಳಲ್ಲಿ ೧೦೮ ತಮ್ಮ ತಮ್ಮ ಸ್ಥಾನದಲ್ಲಿಯೇ ಸಿಕ್ಕವು. ಇನ್ನು ಮೂರು, ಹೆಸರು ಕಳೆದುಕೊಂಡು ಬರೀ ಅಂಕೆಗಳನ್ನು ಹೊತ್ತು, ಅನಾಥ ಕಡತಗಳನ್ನು ಕೂಡಿಹಾಕುವ ಕೋಶದಲ್ಲಿದ್ದವು. ಪ್ರತಿ ಕಡತದ ಮೊದಲ ಸಾಲಿನಲ್ಲಿ ತಾರೀಖು ಬರೆಯುವ ಅಭ್ಯಾಸವನ್ನು ಹುಡುಗಿ ಇಟ್ಟುಕೊಂಡಿದ್ದುದರಿಂದ ಅವುಗಳನ್ನು ಗುರುತಿಸುವುದು ಐದು ನಿಮಿಷದ ಕೆಲಸವಾಯಿತು. ಕೊನೆಯದು ಆ ರಾತ್ರಿಯದು: ಸಂಜೆ ಏಳೂವರೆಯವರೆಗೆ ಎಣಿಕೆ, ಅಲ್ಲಿಂದ ಮುಂದೆ ಸೊನ್ನೆಗಳ ಸಾಲು. ಮಳೆಯೊಡನೆ ಒತ್ತಡ ಕುಸಿದು ಎಣಿಕೆ ಏರಬೇಕಾಗಿದ್ದ ಗಂಟೆಗಳು ಅವೇ.

ಅವಳ ಪ್ರಬಂಧದ ನಕ್ಷೆಯಲ್ಲಿ ಜೂನ್ ತಿಂಗಳ ಒಂದು ರಾತ್ರಿಯ ಜಾಗ ಖಾಲಿಯಿದೆ. ಕೆಳಗೆ “ವಿದ್ಯುತ್ ನಿಲುಗಡೆ” ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದಾಳೆ. ಯು.ಪಿ.ಎಸ್.ಗೆ ಹೊಸ ಬ್ಯಾಟರಿ ಬಂದಿದೆ. ಆ ಡ್ರೈವನ್ನು ನಾವು ಬಿಸಾಡಲಿಲ್ಲ. ಪ್ರತಿ ತಿಂಗಳೂ ಒಮ್ಮೆ ಅದರ ದಿನಚರಿಯನ್ನು ಬಿ.ಎಸ್‌ಸಿ. ತರಗತಿಯವರಿಗೆ ಓದಿಸುತ್ತೇವೆ. ಹದಿನಾಲ್ಕು ಇದ್ದ ತಪ್ಪುಗಳು ಈಗ ಮೂವತ್ತೊಂದಾಗಿವೆ.